ಹಂಚಲು ಬಂದ ತಮ್ಮನಿಗೆ ಒಂದು ಬಹಿರಂಗ ಪತ್ರ

ಕರ್ತನಲ್ಲಿ ಪ್ರಿಯ ತಮ್ಮನಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಹೇಳಲಿಲ್ಲ, ನಮ್ಮದನ್ನು ಕೇಳಲೂ ಇಲ್ಲ. ಹೆಸರೂ ಇಲ್ಲ, ವಿಳಾಸವೂ ಇಲ್ಲ ಎಂದ ಮೇಲೆ ಅಂಚೆ ಡಬ್ಬಿಗೆ ಹಾಕಿ ಏನು ಪ್ರಯೋಜನ? ಅದಕ್ಕೇ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ. ಓದುವವರಲ್ಲಿ ನಿಮ್ಮ ಪರಿಚಯದವರು ಇದ್ದರೆ ತಲುಪಿಸಿಯಾರು. ಗುರುತಿಗೆ ಇಷ್ಟು ಸಾಕು: ಬಿಳಿ ಅಂಗಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಹೆಗಲಲ್ಲಿ ರೆಕ್ಸಿನ್ ಚೀಲ, ಕೈಯಲ್ಲಿ ನೀಲಿ ರಟ್ಟಿನ ನೋಟುಪುಸ್ತಕ. ಬರುವಾಗ ಒಂದು ಕೊಡೆಯಿತ್ತು, ಹೋಗುವಾಗ ಇರಲಿಲ್ಲ.

ಕಳೆದ ಆಟಿ ತಿಂಗಳ ಒಂದು ಬೆಳಿಗ್ಗೆ ನೀವು ಮಂಗಳೂರಿನ ಹೊರವಲಯದ ನಮ್ಮ ಓಣಿಗೆ ಬಂದಿರಿ. ಆಟಿಯ ಮಳೆ ಎಂದರೆ ನಾಯಿಯೂ ಜಗಲಿ ಬಿಟ್ಟು ಇಳಿಯದ ಮಳೆ. ಅಂಥದರಲ್ಲಿ ನಮ್ಮ ಆತ್ಮಗಳಿಗಾಗಿ ಹೊರಟಿರಲ್ಲ, ಮೊದಲು ಅದಕ್ಕೆ ಅಭಿನಂದನೆ. ನಾನೂ ಕ್ರೈಸ್ತಳೇ, ನಾಲ್ಕು ತಲೆಮಾರಿನಿಂದ. ಆದರೆ ಭಾನುವಾರ ಬೆಳಿಗ್ಗೆ ಜೋರು ಮಳೆ ಹೊಯ್ದರೆ ಮನೆಯಲ್ಲಿ ಮಾಡಿದ ಪ್ರಾರ್ಥನೆ ದೇವರಿಗೇನು ಕೇಳದೆ ಎಂದು ಹೊದಿಕೆ ಎಳೆದುಕೊಳ್ಳುವ ಜಾತಿಯ ಕ್ರೈಸ್ತಳು. ನಿಮ್ಮ ಉತ್ಸಾಹದ ಬಗ್ಗೆ ಕೊಂಕು ನುಡಿಯುವ ಯೋಗ್ಯತೆ ನನಗಿಲ್ಲ. ಆದರೂ ನುಡಿಯುತ್ತೇನೆ. ರಿಟೈರಾದ ಟೀಚರಮ್ಮನಿಗೆ ಬೇರೇನು ಕೆಲಸ?

ಪಕ್ಕದ ಮನೆಯ ಅಂಗಳದಲ್ಲಿ ಟಾರ್ಪಾಲು ಕಟ್ಟಿತ್ತು. ಬಾಡಿಗೆಯ ಕೆಂಪು ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಒಳಗೆ ಒಂದು ದೀಪ ಉರಿಯುತ್ತಿತ್ತು. ಇಷ್ಟು ಕಂಡರೆ ನಮ್ಮೂರಿನ ಎರಡನೇ ಕ್ಲಾಸಿನ ಮಗುವೂ ದನಿ ತಗ್ಗಿಸುತ್ತದೆ. ನಿಮ್ಮ ಕಣ್ಣು ಪರಲೋಕದ ಮೇಲೆ ನೆಟ್ಟಿದ್ದರಿಂದ ಟಾರ್ಪಾಲು ಕಾಣಿಸಿರಲಿಕ್ಕಿಲ್ಲ.

ಜಗಲಿಯಲ್ಲಿ ಅಕ್ಕ ಕೂತಿದ್ದರು. (ಅವರ ಹೆಸರು ಬರೆಯುವುದಿಲ್ಲ. ನೀವು ಕೇಳದ ಹೆಸರನ್ನು ಊರಿಗೆಲ್ಲ ಹೇಳುವುದು ಸರಿಯಲ್ಲ.) ಪಕ್ಕದಲ್ಲಿ ನಾನಿದ್ದೆ. ನೀವು ಕರಪತ್ರ ಚಾಚಿದಿರಿ. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡರು. ಕರೆಂಟು ಬಿಲ್ಲನ್ನೂ ಅವರು ಹಾಗೆಯೇ ತೆಗೆದುಕೊಳ್ಳುವುದು. ಆಮೇಲೆ ನೀವು ಕೇಳಿದಿರಿ: "ಅಮ್ಮಾ, ಇವತ್ತು ರಾತ್ರಿ ನೀವು ಸತ್ತರೆ ಎಲ್ಲಿಗೆ ಹೋಗ್ತೀರಿ ಅಂತ ಗೊತ್ತಾ?"

"ನಮ್ಮವರು ಹೋದಲ್ಲಿಗೆ, ಮಗಾ" ಎಂದರು ಅಕ್ಕ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆ ಒಂದು ಮಾತಿನಲ್ಲಿ ನಲವತ್ತೆರಡು ವರ್ಷದ ಸಂಸಾರವಿತ್ತು, ಐದು ದಿನದ ವೈಧವ್ಯವಿತ್ತು. ಆದರೆ ನಿಮಗೆ ಬಾಯಿಪಾಠ ಮಾಡಿಸಿದವರು ಒಂದನೇ ಪ್ರಶ್ನೆಯ ಬೆನ್ನಿಗೆ ಎರಡನೆಯದು ಬರಲೇಬೇಕು ಎಂದಿದ್ದರೇನೋ. ಹೋದವರು ಕರ್ತನನ್ನು ಸ್ವೀಕರಿಸಿದ್ದರೇ ಎಂದು ವಿಚಾರಿಸಿದಿರಿ. ಇಲ್ಲವೆಂದು ಖಾತ್ರಿಯಾದ ಮೇಲೆ ಅಂಥವರು ಸೇರುವ ಜಾಗ ಯಾವುದು, ಅಲ್ಲಿಯ ಬೆಂಕಿ ಎಂಥದು, ಎಷ್ಟು ಕಾಲ ಉರಿಯುತ್ತದೆ ಎಂಬುದನ್ನೆಲ್ಲ ವಿವರಿಸಿದಿರಿ. ನಾಲ್ಕು ದಿನದ ಹಿಂದೆ ಮಗ ಕೊಳ್ಳಿ ಇಟ್ಟು ಬಂದ ಮನೆಯ ಜಗಲಿಯಲ್ಲಿ ನಿಂತು ನೀವು ಬೆಂಕಿಯನ್ನು ವರ್ಣಿಸಿದಿರಿ, ತಮ್ಮಾ. ಆ ಮಗ ಒಳಗಿನಿಂದ ಎದ್ದು ಬಾಗಿಲಿಗೆ ಬಂದಿದ್ದ. ಅಕ್ಕ ಕಣ್ಣಲ್ಲೇ ಅವನನ್ನು ಒಳಗೆ ಕಳಿಸಿದರು. ನಿಮಗದು ಗೊತ್ತಾಗಲಿಲ್ಲ, ನೀವು ಆಗ ಕರಪತ್ರದ ಮೂರನೇ ಪುಟದಲ್ಲಿದ್ದಿರಿ.

ಬಳಿಕ ಅಕ್ಕ ನನ್ನ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳಿದರಲ್ಲ, ನಿಮ್ಮನ್ನು ಬೈದರೆಂದು ನೀವು ಭಾವಿಸಿರಬೇಕು. ಮುಖ ಹಾಗೆ ಮಾಡಿದಿರಿ. ಅವರು ಹೇಳಿದ್ದು ಇಷ್ಟು: "ಹುಡುಗ ಪೂರ್ತಿ ನೆನೆದಿದ್ದಾನೆ. ಸೂತಕದ ಮನೆ, ನಮ್ಮಲ್ಲಿ ಕುಡಿಯಲಿಕ್ಕಿಲ್ಲ. ನಿಮ್ಮಲ್ಲಿಂದ ಒಂದು ಚಾ ಮಾಡಿ ತಂದುಕೊಡಿ." ನಾನು ಮನೆಗೆ ಹೋಗಿ ಶುಂಠಿ ಜಜ್ಜಿ ಚಾ ಮಾಡಿ ತರುವಷ್ಟರಲ್ಲಿ ಮಳೆ ಐದು ನಿಮಿಷ ಬಿಟ್ಟಿತ್ತು, ನೀವು ಆಚೆ ಮನೆಗೆ ದಾಟಿದ್ದಿರಿ. ಕೊಡೆ ತುಳಸಿಕಟ್ಟೆಗೆ ಒರಗಿಕೊಂಡಿತ್ತು. ಚಾ ನಾನೇ ಕುಡಿದೆ.

ಹೊರಡುವ ಮೊದಲು ನೀವು ನೋಟುಪುಸ್ತಕದಲ್ಲಿ ಒಂದು ಸಾಲು ಬರೆದದ್ದನ್ನು ನೋಡಿದ್ದೆ. ಮೂವತ್ತೊಂದು ವರ್ಷ ಮಕ್ಕಳ ಕಾಪಿ ಪುಸ್ತಕಗಳನ್ನು ಮೇಜಿನ ಆಚೆ ಬದಿಯಿಂದ ತಲೆಕೆಳಗಾಗಿ ಓದಿದವಳು ನಾನು, ಕ್ಷಮಿಸಿ. ಗೆರೆ ಎಳೆದು ಮೂರು ಕಾಲಂ ಮಾಡಿದ್ದಿರಿ: ಮನೆ, ಕರಪತ್ರ, ಪ್ರತಿಕ್ರಿಯೆ. ಅಕ್ಕನ ಸಾಲಿನಲ್ಲಿ ಮನೆ ಹದಿನಾಲ್ಕು, ಕರಪತ್ರ ಒಂದು, ಪ್ರತಿಕ್ರಿಯೆ 'ಕಠಿಣ'.

ಅಕ್ಷರ ಚೆನ್ನಾಗಿದೆ. ಅದಕ್ಕೂ ಅಭಿನಂದನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಾಚಿಕೆಯೇ ಆಯಿತು ಅನ್ನಿ. ನಲವತ್ತು ವರ್ಷ ಪಕ್ಕದಲ್ಲಿದ್ದುಕೊಂಡು ನನ್ನಿಂದಾಗದ ಕೆಲಸವನ್ನು ನೀವು ನಾಲ್ಕು ನಿಮಿಷದಲ್ಲಿ ಮುಗಿಸಿದ್ದಿರಿ. ಆ ಮನೆಗೆ ಕ್ರಿಸ್‌ಮಸ್ಸಿಗೆ ಕುಸ್ವಾರ್ ಕೊಟ್ಟಿದ್ದೇನೆ, ಅಷ್ಟಮಿಗೆ ಅವರ ಉಂಡೆ ಚಕ್ಕುಲಿ ತಿಂದಿದ್ದೇನೆ, ಅವರ ಮಗನಿಗೆ ಏಳನೇ ಕ್ಲಾಸಿನವರೆಗೆ ಗಣಿತ ಹೇಳಿಕೊಟ್ಟಿದ್ದೇನೆ. ಆದರೆ ಅವರನ್ನು ಒಂದು ಕಾಲಂನೊಳಗೆ ಕೂರಿಸುವ ಬುದ್ಧಿ ಹೊಳೆದಿರಲೇ ಇಲ್ಲ.

ಈಗ ಒಂದು ಕನ್ನಡ ಪಾಠ. ಹೆದರಬೇಡಿ, ಸಣ್ಣದು. ನಮ್ಮ ಭಾಷೆಯಲ್ಲಿ 'ಹಂಚು' ಎಂದರೆ ಎರಡು. ಒಂದು ಕ್ರಿಯಾಪದ, ನೀವು ಮಾಡುತ್ತಿದ್ದದ್ದು. ಇನ್ನೊಂದು ನಾಮಪದ, ಆ ಹೊತ್ತಿನಲ್ಲಿ ನಿಮ್ಮ ತಲೆಯ ಮೇಲಿದ್ದದ್ದು. ಅಕ್ಕನ ಮನೆ ಹಳೆಯದು, ಅವರ ಮಾವನ ಅಪ್ಪ ಕಟ್ಟಿಸಿದ್ದು. ಮಳೆಗಾಲಕ್ಕೆ ಮೊದಲು ಮಾಡು ಕೈಯಾಡಿಸುವಾಗ ಒಡೆದ ಹಂಚುಗಳನ್ನು ಕೆಳಗಿಳಿಸುತ್ತಾರಲ್ಲ, ಆಗ ಅವುಗಳ ಮೈಮೇಲೆ ಒತ್ತಿದ ಇಂಗ್ಲಿಷ್ ಅಕ್ಷರಗಳನ್ನು ನಾನೇ ಓದಿದ್ದೇನೆ: ಬಾಸೆಲ್ ಮಿಶನ್, ಮಂಗಳೂರು. ನೀವು ಆ ಮನೆಗೆ ಸುವಾರ್ತೆ ಮುಟ್ಟಿಲ್ಲವೆಂದು ಮರುಗಿದಿರಿ. ಅದು ನೂರು ವರ್ಷದಿಂದ ಆ ಮನೆಯ ನೆತ್ತಿಯ ಮೇಲೆ ಕೂತು ಮಳೆ ತಡೆಯುತ್ತಿದೆ. ಅಂದು ನಿಮಗೂ ತಡೆಯಿತು.

ಆ ಹಂಚಿನ ಕಥೆ ನಿಮಗೆ ಹೇಳಬೇಕು, ಯಾಕೆಂದರೆ ಅದನ್ನು ಮಾಡಿದವರೂ ನಿಮ್ಮ ಹಾಗೆ ಹಂಚಲಿಕ್ಕೆಂದೇ ಬಂದವರು. 1834ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸಂಸ್ಥೆ ಕಳಿಸಿದ ಮೂವರು ಮಂಗಳೂರಿಗೆ ಬಂದಿಳಿದರು: ಹೆಬಿಕ್, ಲೆಹ್ನರ್, ಗ್ರೈನರ್. ಅವರಲ್ಲಿ ಹೆಬಿಕ್ ಇದ್ದನಲ್ಲ, ನಿಮಗೆ ಬಹಳ ಹಿಡಿಸುತ್ತಿದ್ದ. ಉದ್ದ ಗಡ್ಡ, ದೊಡ್ಡ ಗಂಟಲು. ಜಾತ್ರೆಗಳಿಗೇ ನುಗ್ಗಿ, ಜನ ದೇವರನ್ನು ನೋಡಲು ಬಂದಲ್ಲೇ ಅವರ ದೇವರು ದೇವರಲ್ಲ ಎಂದು ಸಾರುತ್ತಿದ್ದ. ಮಣ್ಣು ಕಲ್ಲು ಬಿದ್ದರೆ ಅದನ್ನೂ ಪ್ರಸಾದದ ಹಾಗೆ ಸ್ವೀಕರಿಸುತ್ತಿದ್ದ. ಧೈರ್ಯವಂತ, ಪ್ರಾಮಾಣಿಕ, ಒಂದು ಬಗೆಯ ಸಂತನೇ. ಆದರೆ ಇವತ್ತು ಮಂಗಳೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಹೆಬಿಕ್ ಯಾರೆಂದು ಕೇಳಿದರೆ ಒಂಬತ್ತು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ಕಿಟೆಲ್ ಯಾರೆಂದು ಕೇಳಿ ನೋಡಿ.

ಅದೇ ಮಿಶನ್ನು, ಅದೇ ಸತ್ಯವೇದ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದರ ಹುಡುಗ, ಹೆಚ್ಚುಕಡಿಮೆ ನಿಮ್ಮ ಪ್ರಾಯ. ಅವನೂ ಆತ್ಮಗಳಿಗೆಂದೇ ಬಂದವನು. ಆದರೆ ಒಂದು ಎಡವಟ್ಟಾಯಿತು. ಜನರಿಗೆ ಹೇಳುವ ಮೊದಲು ಜನ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಲು ಕೂತ. ಕೂತವನು ಏಳಲೇ ಇಲ್ಲ. ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಹೊಸೆದು 1862ರಲ್ಲಿ 'ಕಥಾಮಾಲೆ' ತಂದ. ಅದಕ್ಕಾಗಿ ಛಂದಸ್ಸು ಕಲಿಯಹೊರಟವನು ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದ. ಕೊನೆಗೆ 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ನಿಘಂಟು ಬಂತು. ಅದರ ತುಂಬ ನಮ್ಮವರ ಗಾದೆ, ನಮ್ಮವರ ನುಡಿಗಟ್ಟು. ಅದನ್ನು ಪ್ರಕಟಿಸಿದ್ದು ಯಾರು ಗೊತ್ತೇ? ಮಂಗಳೂರಿನ 'ಬಾಸೆಲ್ ಮಿಶನ್ ಬುಕ್ ಆಂಡ್ ಟ್ರ್ಯಾಕ್ಟ್ ಡಿಪಾಸಿಟರಿ'. ಟ್ರ್ಯಾಕ್ಟ್ ಎಂದರೆ ನಿಮ್ಮ ಚೀಲದಲ್ಲಿರುವುದೇ. ಕರಪತ್ರವೂ ನಿಘಂಟೂ ಒಂದೇ ಬಾಗಿಲಿನಿಂದ ಹೊರಬಂದವು. ಕರಪತ್ರಗಳಲ್ಲಿ ಕಡಲೆ ಕಟ್ಟಿದರು. ನಿಘಂಟನ್ನು ಇನ್ನೂ ಬಿಡಿಸಿ ನೋಡುತ್ತಾರೆ, ಕರ್ತನನ್ನು ಒಪ್ಪದವರು ಕೂಡ.

ಕಿಟೆಲ್‌ನ ನೋಟುಪುಸ್ತಕದಲ್ಲಿಯೂ ಕಾಲಂಗಳು ಇದ್ದಿರಬೇಕು. ಆದರೆ ಅವನು ಪಟ್ಟಿ ಮಾಡಿದ್ದು ಎದುರಿಗಿದ್ದವರು ಆಡಿದ್ದನ್ನು.

ಅವನಿಗಿಂತ ಮೊದಲು ಬಂದ ಮೊಗ್ಲಿಂಗ್ ಇನ್ನೂ ವಿಚಿತ್ರ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದವನು. ಪಾದ್ರಿಯಾದವನು ಹರಿದಾಸರ ಪದಗಳನ್ನೂ 'ಬಸವಪುರಾಣ'ವನ್ನೂ 'ಜೈಮಿನಿ ಭಾರತ'ವನ್ನೂ ಹುಡುಕಿ ಹುಡುಕಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ. ನಿಮ್ಮ ಮೇಲಧಿಕಾರಿಗಳ ಮುಂದೆ ಅವನ ರಿಪೋರ್ಟು ಇಟ್ಟರೆ ಏನೆನ್ನುತ್ತಿದ್ದರೋ: ಮನೆ ಅಷ್ಟು, ಕರಪತ್ರ ಇಷ್ಟು, ಪ್ರತಿಕ್ರಿಯೆ 'ಪುರಂದರದಾಸ'.

ಇವರನ್ನೆಲ್ಲ ದೇವದೂತರೆಂದು ನಿಮ್ಮೆದುರು ನಿಲ್ಲಿಸುತ್ತಿಲ್ಲ. ಇವರು ಬರೆದ ಕೆಲವು ಸಾಲು ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ದೇವರು ದೈವ, ಭೂತ ಕೋಲ, ಎಲ್ಲದರ ಬಗ್ಗೆ ಆ ಕಾಲದ ಐರೋಪ್ಯನಿಗಿದ್ದ ತಾತ್ಸಾರ ಇವರಿಗೂ ಇತ್ತು. ('ನಮ್ಮ ದೈವ' ಎಂದೆ, ನೋಡಿ. ನಾಲ್ಕು ತಲೆಮಾರಾದರೂ ನಾಲಿಗೆ ಹಳೆಯದೇ.) 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಮುಂದೆ ಆತ ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದ್ದು, ಕೊಡಗಿನಲ್ಲಿ ಮೊಗ್ಲಿಂಗ್ ಜತೆ ಸೇರಿ ಜಮ್ಮ ಭೂಮಿಗೆ ಕಟ್ಟುಬಿದ್ದಿದ್ದ ಆಳುಗಳಿಗಾಗಿ ಆನಂದಪುರ ಕಟ್ಟಿದ್ದು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವ ಕಥೆ. ಆ ಕಥೆಯಲ್ಲಿ ಆತನ ತಾಯಿ ಆವತ್ತು ರಾತ್ರಿ ಏನು ಮಾಡಿದಳೆಂದು ಸಂಡೆ ಸ್ಕೂಲಿನಲ್ಲಿ ನಮಗೆ ಯಾರೂ ಹೇಳಲಿಲ್ಲ. ನಾನೂ ಮಕ್ಕಳಿಗೆ ಹೇಳಲಿಲ್ಲ.

ನಮ್ಮ ಮನೆಯ ಕಥೆಯಲ್ಲಿ ಅಷ್ಟು ಗಲಾಟೆಯಿಲ್ಲ. ಮುತ್ತಜ್ಜ ಜಾತಿಯ ಲೆಕ್ಕದಲ್ಲಿ ಕೆಳಗಿನವನು. ಅಕ್ಕನ ಮನೆಯ ಬಾವಿಯಿದೆಯಲ್ಲ, ನೀವು ಕಾಲು ತೊಳೆದುಕೊಂಡದ್ದು, ಅದರ ಕಟ್ಟೆ ಹತ್ತಲು ನಮ್ಮ ಮುತ್ತಜ್ಜಿಗೆ ಅಪ್ಪಣೆಯಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ಯಾರಾದರೂ ಹೊಯ್ದುಕೊಡುವವರೆಗೆ ಕಾಯಬೇಕಿತ್ತು. ಅಂಥವರಿಗೆ ಸುವಾರ್ತೆ ಬಂದದ್ದು ಒಂದು ಸ್ಲೇಟಿನ ರೂಪದಲ್ಲಿ, ಒಂದು ಅಂಗಿಯ ರೂಪದಲ್ಲಿ, ಜೆಪ್ಪುವಿನ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಕೈಗೆ ಬೀಳುವ ಕೂಲಿಯ ರೂಪದಲ್ಲಿ. ಮಿಶನ್ ಸೇರಿದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಗದ್ದೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಅವರ ಹೊಟ್ಟೆಗೇನು ಎಂಬ ಚಿಂತೆಯಿಂದಲೇ ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬವನು ನೇತ್ರಾವತಿಯ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆ ತೆರೆದ. ಸ್ವರ್ಗಕ್ಕೆ ಕರೆದವರು ಮಧ್ಯಾಹ್ನದ ಗಂಜಿಗೂ ಹೊಣೆ ಹೊರಬೇಕು ಎಂಬ ಅಳುಕು ಅವರಿಗಿತ್ತು. ಆ ಹಂಚು ದೇವಸ್ಥಾನದ ಮೇಲೆ ಹೋಯಿತು, ಮಸೀದಿಯ ಮೇಲೆ ಹೋಯಿತು, ಘಟ್ಟ ಹತ್ತಿ ಹೋಯಿತು, ಸಮುದ್ರ ದಾಟಿ ಹೋಯಿತು. ಅದನ್ನು ಒಲೆಯಿಂದ ಇಳಿಸುತ್ತಿದ್ದ ಸಾವಿರಾರು ಕೈಗಳಲ್ಲಿ ನಮ್ಮ ಮುತ್ತಜ್ಜನದೂ ಒಂದು ಜತೆ. ಬಾವಿಕಟ್ಟೆ ಹತ್ತಲು ಬಿಡದವರ ಮನೆಗೆ ಮಾಡು ಹೊದೆಸಿದವನು ಅವನು. ಅದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಮ್ಮ ವಂಶದಲ್ಲಿ ಬೇರೆ ಯಾರೂ ಹೇಳಿಲ್ಲ, ನಾನಂತೂ ಇಲ್ಲ.

ಬಾವಿಯ ಮಾತು ಬಂದದ್ದರಿಂದ ಇನ್ನೊಂದು ಬಾವಿ ನೆನಪಾಯಿತು. ಸಮಾರ್ಯದಲ್ಲಿದ್ದದ್ದು. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ನಿಮಗೆ ಬಾಯಿಪಾಠವೇ ಇರಬಹುದು. ನಿಮ್ಮ ಕರಪತ್ರದ ಹಿಂಬದಿಯಲ್ಲಿ ಅದರ ಚಿತ್ರವೂ ಇದೆ. ನಡು ಮಧ್ಯಾಹ್ನ, ಬಿಸಿಲು, ನಡೆದು ದಣಿದ ಒಬ್ಬ ಯೆಹೂದಿ ಬಾವಿಕಟ್ಟೆಯಲ್ಲಿ ಕೂತಿದ್ದಾನೆ. ಹಗ್ಗವಿಲ್ಲ, ಕೊಡವಿಲ್ಲ. ಯೆಹೂದಿಗಳು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ. ಕೊಡ ಹೊತ್ತು ಬಂದ ಹೆಂಗಸಿನ ಹತ್ತಿರ ಅವನು ಮೊದಲು ಆಡಿದ ಮಾತು ಏನು? ಕುಡಿಯಲು ನೀರು ಕೇಳಿದ್ದು. ಜೀವಜಲದ ವಿಷಯವೆಲ್ಲ ಆಮೇಲೆ ಬಂತು. ಕೊಡಲು ಬಂದವನು ಮೊದಲು ಬೇಡಿದ, ಅದೂ ಬೇಡಬಾರದವಳ ಹತ್ತಿರ. ಅಸ್ಪೃಶ್ಯತೆ ಕಂಡ ನಮ್ಮ ನಾಡಿನಲ್ಲಿ ಆ ಒಂದು ಲೋಟ ನೀರಿನ ಅರ್ಥ ವಿವರಿಸಲು ಯಾವ ದೇವಶಾಸ್ತ್ರದ ಪದವಿಯೂ ಬೇಡ, ನಮ್ಮ ಮುತ್ತಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಆ ಬೆಳಿಗ್ಗೆ ನಿಮಗಾಗಿ ಒಂದು ಚಾ ಬರುತ್ತಿತ್ತು, ತಮ್ಮಾ. ಕುಡಿಯುವಷ್ಟು ಪುರುಸೊತ್ತು ನಿಮಗಿರಲಿಲ್ಲ.

ಇನ್ನೊಂದು ಸೂತಕದ ಮನೆಯೂ ಅದೇ ಪುಸ್ತಕದಲ್ಲಿದೆ. ಬೇಥಾನ್ಯದಲ್ಲಿ ಲಾಜರ ಸತ್ತು ನಾಲ್ಕು ದಿನವಾಗಿತ್ತು. ಹತ್ತಿರಹತ್ತಿರ ಅಕ್ಕನ ಯಜಮಾನರು, ನಮ್ಮ ಭಾವ, ಹೋಗಿ ಆದಷ್ಟೇ ದಿನ. ಸತ್ತವನನ್ನು ಎಬ್ಬಿಸುವ ಶಕ್ತಿಯೇ ಕೈಯಲ್ಲಿದ್ದವನು ಅಲ್ಲಿಗೆ ಬಂದು ಆ ಹೆಂಗಸರ ಅಳು ಕಂಡು ಮೊದಲು ತಾನೂ ಅತ್ತ. ಎಬ್ಬಿಸಿದ್ದು ಅನಂತರ. ಕೆಲವೇ ನಿಮಿಷದಲ್ಲಿ ಎಲ್ಲ ಸರಿಯಾಗುತ್ತದೆಂದು ಗೊತ್ತಿದ್ದವನಿಗೆ ಅಳುವ ಅಗತ್ಯವೇನಿತ್ತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ನಿಮ್ಮ ತರಬೇತಿಯಲ್ಲಿ ಇದನ್ನು ಸಮಯ ವ್ಯರ್ಥ ಎನ್ನುತ್ತಾರೋ ಏನೋ.

ಮತ್ತೆ ಆ ಶ್ರೀಮಂತ ಯುವಕ. ಆಸ್ತಿ ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಮುಖ ಬಾಡಿಸಿಕೊಂಡು ಹೊರಟೇ ಹೋದನಲ್ಲ, ಮಾರ್ಕನು ಬರೆಯುವ ಹಾಗೆ ಯೇಸು ಅವನನ್ನು ಪ್ರೀತಿಯಿಂದಲೇ ನೋಡಿದ್ದ. ಹಿಂದೆ ಓಡಲಿಲ್ಲ, ಬೆಂಕಿ ತೋರಿಸಿ ಹೆದರಿಸಲಿಲ್ಲ. ಹೋಗಗೊಟ್ಟ. ಪ್ರತಿಕ್ರಿಯೆಯ ಕಾಲಂ ಖಾಲಿ ಬಿಟ್ಟ.

ನೀವು ಈಗ ಕೇಳಬಹುದು: ಹಾಗಾದರೆ ಹೇಳಲೇಬಾರದೇ, ಅಕ್ಕಾ? ಬಾಯಿಮುಚ್ಚಿ ಕೂರಬೇಕೇ? ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕಲ್ಲವೇ? ಹಕ್ಕು ಹೌದು. ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಅದರಲ್ಲಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರೊಳಗೆ ಬರುವುದಿಲ್ಲವೆಂದು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2022ರಲ್ಲಿ ನಮ್ಮ ರಾಜ್ಯದಲ್ಲೊಂದು ಮತಾಂತರ ತಡೆ ಕಾಯ್ದೆಯೂ ಬಂತು. ಆ ಕಾಯ್ದೆಯ ಹೆಸರಿನಲ್ಲಿ ಅಮಾಯಕರ ಪ್ರಾರ್ಥನಾ ಕೂಟದ ಬಾಗಿಲು ಬಡಿಯುವವರೂ ಇದ್ದಾರೆ. ಅದು ಬೇರೆಯೇ ಜಗಳ, ಅದರಲ್ಲಿ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ. ಇಲ್ಲಿರುವ ನನ್ನ ತಕರಾರು ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಹೆಣ ಹೊರಟ ಮನೆಯಲ್ಲಿ ಹೇಗೆ ಕೂರಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಬಾಯಿಮುಚ್ಚಿ ಕೂರುವುದರ ಬಗ್ಗೆ ಮಾತ್ರ ನನ್ನನ್ನು ಕೇಳಿ. ಆ ವಿದ್ಯೆಯಲ್ಲಿ ನಾನು ಪ್ರವೀಣೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಶುಭ ಶುಕ್ರವಾರ ಬಿಳಿ ಸೀರೆ ಉಟ್ಟು ದೇವಾಲಯದಿಂದ ಬರುತ್ತಿದ್ದೆ. ಅಕ್ಕ ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದವರು ಕೇಳಿದರು: "ಅಲ್ಲ ಟೀಚರೇ, ನಿಮ್ಮ ದೇವರು ಸತ್ತ ದಿನವಲ್ಲವಾ ಇದು? ಮತ್ತೆ ಶುಭ ಹೇಗಾಯಿತು?" ಎಂಥ ಪ್ರಶ್ನೆ! ಎರಡು ಸಾವಿರ ವರ್ಷದಿಂದ ನಮ್ಮವರು ಗ್ರಂಥದ ಮೇಲೆ ಗ್ರಂಥ ಬರೆದದ್ದು ಅದೊಂದಕ್ಕೇ. ಕುಹಕವಿಲ್ಲ, ವಾದವಿಲ್ಲ, ತಿಳಿಯಬೇಕೆಂದು ಕೇಳಿದ್ದು. ನಾನು ಏನು ಹೇಳಿದೆ ಗೊತ್ತೇ? "ಏನೋಪ್ಪ, ಇಂಗ್ಲಿಷಿನವರು ಗುಡ್ ಎಂದರು, ನಾವು ಶುಭ ಎಂದೆವು" ಎಂದು ನಕ್ಕು ಒಳಗೆ ಹೋದೆ. ಅಕ್ಕಿ ನೆನೆಹಾಕಬೇಕಿತ್ತು.

ಪೇತ್ರನು ತನ್ನ ಪತ್ರದಲ್ಲಿ ಒಂದು ಬುದ್ಧಿಮಾತು ಹೇಳಿದ್ದಾನಲ್ಲ, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ತಯಾರಿರಬೇಕು, ಆದರೆ ಸೌಮ್ಯವಾಗಿ, ಮರ್ಯಾದೆಯಿಂದ ಎಂದು. ನೀವೂ ನಾನೂ ಆ ಮಾತನ್ನು ಅರ್ಧರ್ಧ ಪಾಲು ಮಾಡಿಕೊಂಡಿದ್ದೇವೆ. ಯಾರೂ ಕೇಳದಿದ್ದರೂ ಉತ್ತರ ಕೊಡುವುದು ನಿಮ್ಮ ಪಾಲಿಗೆ, ಕೇಳಿದರೂ ಕೊಡದಿರುವುದು ನನ್ನ ಪಾಲಿಗೆ. ನನ್ನದನ್ನು ಇಷ್ಟು ಕಾಲ ಸೌಜನ್ಯ ಎಂದುಕೊಂಡಿದ್ದೆ. ಅರ್ಧ ಸೋಮಾರಿತನ, ಉಳಿದರ್ಧ ಭಯ. ನಿಮ್ಮ ಒದ್ದೆ ಪ್ಯಾಂಟು ನೋಡಿದ ಮೇಲೆ ಅದು ಹೊಳೆಯಿತು. ಈ ಪತ್ರದಲ್ಲಿ ನಿಮಗೆ ನಿಜವಾಗಿ ಸಲ್ಲಬೇಕಾದ ಕೃತಜ್ಞತೆ ಅದೊಂದೇ. ಉಳಿದದ್ದೆಲ್ಲ ವ್ಯಂಗ್ಯ, ನಿಮಗೆ ಗೊತ್ತಾಗಿರಬಹುದು.

ಈಗ ಭಾವನ ವಿಷಯ. ಬೆಂಕಿಗೆ ಹೋದರೆಂದು ನೀವು ಹೇಳಿದಿರಲ್ಲ, ಅವರದು.

2008ರ ಸೆಪ್ಟೆಂಬರ್ 14, ಭಾನುವಾರ. ಅಂದು ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಅವತ್ತು ನೀವು ಚಡ್ಡಿ ಹಾಕಿ ಶಾಲೆಗೆ ಹೋಗುತ್ತಿದ್ದ ಹುಡುಗ. ನೆಪಕ್ಕೆ ಒಂದು ಪುಸ್ತಿಕೆಯಿತ್ತು, ಹಿಂದೂ ದೇವತೆಗಳನ್ನು ಹೀಯಾಳಿಸಿದೆ ಎಂದರು. ಕಲ್ಲು ಹೊಡೆದ ತಪ್ಪು ಕಲ್ಲು ಹೊಡೆದವನದೇ. ಯಾರೋ ಬರೆದ ಪುಸ್ತಿಕೆಗೆ ಪ್ರಾರ್ಥಿಸುತ್ತಿದ್ದ ಸನ್ಯಾಸಿನಿಯರು ಉತ್ತರ ಕೊಡಬೇಕಿಲ್ಲ. ಅದರಲ್ಲಿ ನನಗೆ ಎರಡು ಮಾತಿಲ್ಲ. ಸಂಜೆಗೆ ಪೇಟೆ ಬಂದಾಯಿತು. ನಮ್ಮವರು ಆಗ ಊರಲ್ಲಿರಲಿಲ್ಲ. ಮನೆಯಲ್ಲಿ ನಾನು, ಎರಡು ಹೆಣ್ಣುಮಕ್ಕಳು. ದೀಪ ಆರಿಸಿ ಕೂತಿದ್ದೆವು. ಎಂಟು ಗಂಟೆಗೆ ಬಾಗಿಲ ಹೊರಗೆ ಕುರ್ಚಿ ಎಳೆದ ಸದ್ದಾಯಿತು. ಕಿಟಕಿಯ ಸಂದಿಯಿಂದ ನೋಡಿದರೆ ಭಾವ. ಲುಂಗಿ ಕಟ್ಟಿ, ಕೈಯಲ್ಲಿ ಅಂದಿನ ಪೇಪರು ಹಿಡಿದು ನಮ್ಮ ಜಗಲಿಯಲ್ಲಿ ಕೂತಿದ್ದರು. ಜಗಲಿಯ ಲೈಟು ಅವರೇ ಹಾಕಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ನಮ್ಮಲ್ಲಿ ಕರೆಂಟು ಸರಿಯಿಲ್ಲ, ಇಲ್ಲಿ ಓದುತ್ತೇನೆ" ಎಂದರು. ಅವರ ಮನೆಯ ಅಷ್ಟೂ ಬಲ್ಬು ಉರಿಯುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ನಾನು ಎದ್ದು ನೋಡಿದಾಗಲೂ ಅದೇ ಪೇಪರು, ಅದೇ ಪುಟ.

ಮರುದಿನ ಆ ಬಗ್ಗೆ ಯಾರೂ ಮಾತಾಡಲಿಲ್ಲ. ಆಮೇಲೂ ಇಲ್ಲ.

ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ದಿನದ ಕಥೆ ಮತ್ತಾಯನಲ್ಲಿದೆಯಲ್ಲ, ಅದನ್ನು ಮೊನ್ನೆ ಮತ್ತೆ ಓದಿದೆ. ಹಸಿದವನಿಗೆ ಉಣ್ಣಲು ಕೊಟ್ಟಿರಾ, ಪರದೇಶಿಯನ್ನು ಸೇರಿಸಿಕೊಂಡಿರಾ, ಸೆರೆಯಲ್ಲಿದ್ದವನನ್ನು ನೋಡಲು ಹೋದಿರಾ ಎಂಬ ವಿಚಾರಣೆ ಅಲ್ಲಿ ನಡೆಯುತ್ತದೆ. ನಿಮ್ಮ ಕರಪತ್ರದ ಪ್ರಶ್ನೆ ಅದರಲ್ಲಿ ಒಂದೂ ಇಲ್ಲ. ಪಾಸಾದವರಿಗೆ ತಾವು ಪರೀಕ್ಷೆಗೆ ಕೂತದ್ದೇ ಗೊತ್ತಿಲ್ಲ. ಭಾವ ಎಲ್ಲಿಗೆ ಹೋದರೆಂದು ನಾನು ವಾದಿಸುವುದಿಲ್ಲ. ಆ ದಿನದ ಅಧ್ಯಕ್ಷತೆ ನನ್ನದಲ್ಲ. ನಿಮ್ಮದೂ ಅಲ್ಲವೆಂದು ಕೇಳಿದ್ದೇನೆ.

ಅಕ್ಕ ನಿಮ್ಮ ಕರಪತ್ರ ಓದಿದರು. ಹೌದು, ಪೂರ್ತಿ. ಉತ್ತರಕ್ರಿಯೆಯ ಬೊಜ್ಜವೆಲ್ಲ ಮುಗಿದ ಮೇಲೆ ಕನ್ನಡಕ ಹಾಕಿ ಓದಿ ನನಗೆ ತೋರಿಸಿ ಕೇಳಿದರು: "ಇದರಲ್ಲಿ ಬಾವಿ ಹತ್ತಿರ ಕೂತವನ ಚಿತ್ರ ಉಂಟಲ್ಲ ಟೀಚರೇ, ಅವನ ಕಥೆ ಏನು?" ಈ ಸಲ ಒಲೆಯ ಮೇಲೆ ಏನೂ ಇರಲಿಲ್ಲ. ಕೂತು ಹೇಳಿದೆ, ಹೆಚ್ಚೆಂದರೆ ಹತ್ತು ನಿಮಿಷ. ಅವರು ಕೊನೆಯವರೆಗೆ ಕೇಳಿ, "ಅವಳು ನೀರು ಕೊಟ್ಟಳಾ ಇಲ್ಲವಾ?" ಎಂದರು. ನಾನು ತಡವರಿಸಿದೆ. ಐವತ್ತು ವರ್ಷ ಓದಿದ ಅಧ್ಯಾಯ. ಮನೆಗೆ ಬಂದು ತೆರೆದು ನೋಡಿದರೆ ಅವಳು ನೀರು ಕೊಟ್ಟಳೆಂದು ಎಲ್ಲಿಯೂ ಬರೆದಿಲ್ಲ. ಅವಳು ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿದಳೆಂದಿದೆ. ನೀವು ನನಗಿಂತ ಹೆಚ್ಚು ಬಲ್ಲವರು, ಬಂದಾಗ ಅಕ್ಕನಿಗೆ ನೀವೇ ಹೇಳಿ.

ಬರಲೇಬೇಕು ನೀವು, ಕೊಡೆಗಾಗಿ. ಅದನ್ನು ನನ್ನ ಕೈಗೆ ಕೊಡಿ ಎಂದೆ, ಅಕ್ಕ ಕೊಡಲಿಲ್ಲ. "ಹುಡುಗ ಬಿಟ್ಟದ್ದು ನಮ್ಮಲ್ಲಿ, ನಮ್ಮಲ್ಲಿಗೇ ಬರಲಿ" ಎಂದರು. ಎರಡು ಕಡ್ಡಿ ಮುರಿದಿತ್ತು. ಓಣಿಗೆ ರಿಪೇರಿಯವನು ಬಂದಾಗ ಹಾಕಿಸಿ, ಒಣಗಿಸಿ, ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಮಲಗಿರುತ್ತಾರೆ. ಆಮೇಲೆ ಹೋಗಿ. ಸೂತಕ ಕಳೆದಿದೆ, ಚಾ ಅವರೇ ಮಾಡುತ್ತಾರೆ.

ಇತಿ,
ಹದಿಮೂರನೇ ಮನೆಯ ಟೀಚರಕ್ಕ